ಅಡುಗೆ ಚೌಡಯ್ಯನ ಮನೆಗೆ ಬಂದ ಮೇಲ್ ಫೋನು

“ಮೇಷ್ಟ್ರೆ, ಇದು ಮನೇಲಿ ಇಟ್ಕೊಳ್ಳೋ ಅಂತ ವಸ್ತುವಾ, ವಾಪಸ್ ಕೊಟ್ಬುಡೋ ಅಂತದ್ದಾ? ನೀವು ಓದಿರೋರು, ಯೋಳಿ” ಎಂದು ಚೌಡಯ್ಯ ಒಂದು ಬಿಳಿ ಪೆಟ್ಟಿಗೆಯನ್ನು ನಮ್ಮ ಜಗಲಿಯ ಮೇಲಿಟ್ಟು, ತಾನು ಅದರಿಂದ ಒಂದು ಮೊಳ ದೂರ ಕುಳಿತ. ಒಲೆಯಿಂದ ಇಳಿಸಿದ ಬಾಣಲೆಯ ಪಕ್ಕ ಕೂರುವಾಗಲೂ ಅವನು ಅಷ್ಟು ದೂರ ಕೂರುತ್ತಿರಲಿಲ್ಲ.

ಪೆಟ್ಟಿಗೆಯೊಳಗಿದ್ದದ್ದು ಬೆರಳಾಡಿಸುವ ಫೋನು. ಅವನ ಮಗಳು ದೀಪಿಕ ತಂದುಕೊಟ್ಟಿದ್ದಳು. ಅವನ ಬಳಿ ಅದುವರೆಗೆ ಇದ್ದದ್ದು ಗುಂಡಿ ಒತ್ತುವ ಹಳೇ ಸೆಟ್ಟು. ಮಸಾಲೆ ಕೈ ತಾಕಿ ತಾಕಿ ಅದರ ಅಂಕಿಗಳೆಲ್ಲ ಅಳಿಸಿಹೋಗಿ, ಯಾವ ಗುಂಡಿ ಯಾವುದೆಂದು ಚೌಡಯ್ಯನ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು. ಕೆಲಸಕ್ಕೆ ಹೋದ ಕಡೆ ಅದನ್ನೂ ಆರಿಸಿ ಅಂಗಿ ಜೊತೆ ಗೂಟಕ್ಕೆ ನೇತುಹಾಕಿಬಿಡುತ್ತಿದ್ದ.

ವೈದ್ಯನಾಥಪುರದಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಗೋಡೆ ಮಾತ್ರ. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವನು. ಅವನು ಬಾಡೂಟದ ಅಡುಗೆಯವನು. ಇಬ್ಬರಲ್ಲಿ ಯಾರಿಗೆ ಹೆಚ್ಚು ಮರ್ಯಾದೆ ಎಂದು ತಿಳಿಯಬೇಕಾದರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಯಾವ ಊರಿಗಾದರೂ ಹೋಗಿ ಇಬ್ಬರ ಹೆಸರನ್ನೂ ಹೇಳಿ ನೋಡಬಹುದು. ಬೀಗರೂಟದ ಕರೆಯೋಲೆ ಬಂದರೆ ನಮ್ಮ ಕಡೆಯ ಜನ ಹುಡುಗ ಯಾರು, ಹುಡುಗಿ ಯಾರು ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, “ಒಲೆ ತಾವ ಯಾರು, ಚೌಡಯ್ಯನಾ?” ಎಂದು.

ಅಂಥವನು ನನ್ನ ಸಲಹೆಗೆ ಬಂದದ್ದಕ್ಕೆ ಕಾರಣ ಇತ್ತು. ಒಮ್ಮೆ ನಮ್ಮ ಹೆಡ್‌ಮಾಸ್ಟರ ಫೋನಿನಲ್ಲಿ ಸುಪ್ರಭಾತ ಶುರುವಾಗಿ, ಪ್ರಾರ್ಥನೆ ಮುಗಿದರೂ ನಿಲ್ಲದೆ ಹೋದಾಗ ಅದನ್ನು ನಿಲ್ಲಿಸಿದವನು ನಾನು. ಹೇಗೆ ನಿಲ್ಲಿಸಿದೆನೋ ನನಗೂ ತಿಳಿಯದು, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ್ದೆ. ಅವತ್ತಿನಿಂದ ಊರಿನಲ್ಲಿ ನಾನು ಫೋನಿನ ಪಂಡಿತ. ನನಗೆ ಮೇಲ್ ಕೂಡ ಬರುತ್ತದೆ ಎಂಬುದು ಆ ಹೆಸರಿಗೆ ಇನ್ನೊಂದು ಗರಿ. ತಲೆ ಮೇಲೆ ಕೂದಲು ಬೇಕೆ, ಹೊಟ್ಟೆ ಕರಗಬೇಕೆ, ಸಿಂಗಾಪುರ ನೋಡಬೇಕೆ ಎಂದು ಎಲ್ಲೆಲ್ಲಿಯವರೋ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಗುರುತಿನವರು ಯಾರೂ ಒಂದು ಸಲವೂ ಬರೆದದ್ದಿಲ್ಲ. ಆ ಮಾತನ್ನು ನಾನು ಊರಲ್ಲಿ ಹೇಳಿರಲಿಲ್ಲ.

ಚೌಡಯ್ಯನಿಗೆ ಮೇಲ್ ಯಾಕೆ ಬೇಕಾಯಿತು ಅಂದರೆ ಅವನ ಹೆಂಡತಿ ಹೊಂಬಾಳಮ್ಮನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಯಾವಾಗಿನಿಂದ ಇತ್ತೋ. ಮಗಳ ಮದುವೆ ಮುಗಿಯುವವರೆಗೂ ಆಕೆ ಬಾಯಿ ಬಿಟ್ಟಿರಲಿಲ್ಲ. ದೀಪಿಕಳನ್ನು ಕೊತ್ತತ್ತಿಯ ಸ್ವಾಮಿ ಎಂಬ ಹುಡುಗನಿಗೆ ಧಾರೆ ಎರೆದು, ಮೂಗುತಿಯ ಕೆಳಗೆ ನಗುತ್ತಾ ಬೀಗರನ್ನು ಕಳಿಸಿಕೊಟ್ಟು, ಚಪ್ಪರ ಬಿಚ್ಚಿದ ಮೇಲೆ ಮಗಳನ್ನು ಒಳಗೆ ಕರೆದು, “ಇಲ್ಲಿ ಮುಟ್ಟಿ ನೋಡವ್ವ” ಎಂದಿದ್ದಳು. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಈಗ ಕಾಗದ ಕೊಡುವುದಿಲ್ಲ, ರಿಪೋರ್ಟು, ಮುಂದೆ ಬರಬೇಕಾದ ದಿನ, ಎಲ್ಲವೂ ಮೇಲ್‌ಗೇ ಬರುತ್ತದೆ ಎಂದರು. ಮನೆಯಲ್ಲಿ ಮೇಲ್ ಬರುವ ಫೋನು ಒಂದಿರಲಿ ಎಂದು ದೀಪಿಕ ಇದನ್ನು ತಂದಿಟ್ಟು ಗಂಡನ ಮನೆಗೆ ಹೋಗಿದ್ದಳು.

“ಇಟ್ಕೊಳ್ಳೋ ಚೌಡಯ್ಯ. ಮಂಡ್ಯದಲ್ಲಿ ಡಾಕ್ಟ್ರು ಗುಂಡಿ ಒತ್ತಿದರೆ ಇಲ್ಲಿ ನಿನ್ನ ಜೇಬಿಗೇ ಬಂದು ಬೀಳುತ್ತೆ” ಎಂದೆ.

“ಅದೇ ಮೇಷ್ಟ್ರೆ ನನ್ಗೆ ದಿಗಿಲು. ನಾನು ಉಣ್ತಾ ಇವ್ನೋ, ಉಚ್ಚೆಗ್ ಓಗಿವ್ನೋ ಅದ್ಕೇನ್ ಗೊತ್ತು? ಸುದ್ದಿ ತರೋನ್ಗೆ ಕಣ್ಣಿರ್ಬೇಕು. ಬಾಗ್ಲಲ್ ನಿಂತು ವಸಿ ಒಳೀಕ್ ನೋಡ್ಬೇಕು. ಉಣ್ತಾವ್ರೆ ಅಂದ್ರೆ ಬೀಡಿ ಸೇದ್ಕೊಂಡು ಆಚೆ ಕುಂತಿರ್ಬೇಕು. ಇದು ಬೀಡಿ ಸೇದ್ತದಾ?”

ಸೇದುವುದಿಲ್ಲ ಎಂದು ಒಪ್ಪಿಕೊಂಡೆ.

ಇದು ಅವನ ಹಟವಲ್ಲ, ಕಸುಬು. ನಮ್ಮ ಕಡೆ ಸಾವಿನ ಸುದ್ದಿ ಕಿವಿಗೆ ಬೀಳುವವರೆಗೂ ಸೂತಕ ಇಲ್ಲ. ಬಿದ್ದ ಗಳಿಗೆಯಿಂದ ಸೂತಕ. ಶುಭಕಾರ್ಯದ ಮನೆಗೆ ಅಂಥ ಸುದ್ದಿ ಹೊತ್ತು ಬಂದವನು ಹಾಗಾಗಿ ಯಜಮಾನನ ಬಳಿ ಹೋಗುವುದಿಲ್ಲ, ಹಿತ್ತಲಿಗೆ ಬಂದು ಅಡುಗೆಯವನ ಕಿವಿಯಲ್ಲಿ ಹೇಳುತ್ತಾನೆ. ಕೊನೆಯ ಪಂಕ್ತಿ ಯಾವಾಗ ಏಳುತ್ತದೆ ಎಂಬುದು ಅಡುಗೆಯವನಿಗೆ ತಾನೇ ಗೊತ್ತು. ಅಲ್ಲಿಯವರೆಗೆ ಸುದ್ದಿ ಅವನ ಹೊಣೆ. ಮಳವಳ್ಳಿ ಕಡೆ ಒಂದು ಬೀಗರೂಟಕ್ಕೆ ಹುಡುಗನ ಸೋದರತ್ತೆ ತೀರಿಕೊಂಡ ಸುದ್ದಿ ತಂದವನು ಬಾಯಿ ಹಿಡಿತದಲ್ಲಿಲ್ಲದ ಆಸಾಮಿ ಎಂದು ಕಂಡು, ಚೌಡಯ್ಯ ಅವನನ್ನು ಒಲೆಯ ಮಗ್ಗುಲಿಗೆ ಕೂರಿಸಿ ಒಂದು ಮಂಕರಿ ಬೆಳ್ಳುಳ್ಳಿ ಸುಲಿಸಿದ್ದನಂತೆ. ಊಟವೆಲ್ಲ ಮುಗಿದ ಮೇಲೆ ಅವನಿಗೂ ಎಲೆ ಹಾಕಿ, ಬೋಟಿ ಬಡಿಸಿ, “ಈಗ ಓಗಿ ಯೋಳು” ಎಂದು ಎಬ್ಬಿಸಿದ್ದ. ಎಷ್ಟು ಮನೆಗಳ ಕೆಟ್ಟ ಸುದ್ದಿ ಅವನ ಸೊಂಟದ ಟವೆಲಿನಲ್ಲಿ ಹೀಗೆ ಮಧ್ಯಾಹ್ನದವರೆಗೆ ಕಾದು ಕೂತಿತ್ತೋ.

ಮಾರನೆಯ ದಿನ ದೀಪಿಕ ಕೊತ್ತತ್ತಿಯಿಂದ ಬಂದವಳು ಅಪ್ಪನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡಳು. ಗೋಡೆಯಾಚೆ ನನಗೂ ಪಾಠವಾಯಿತು. “ಆಸ್ಪತ್ರೆಯವ್ರು ಬಂದು ನಿನ್ ಎಲೆ ಮುಂದೆ ಬೀಡಿ ಸೇದ್ಕೊಂಡು ಕಾಯ್ತಾರೇನಪ್ಪ? ಮೇಷ್ಟ್ರು ಬೇರೆ ನಿನ್ ಮಾತಿಗೆ ತಲೆ ಆಡಿಸ್ತಾರಂತೆ.” ಕೊನೆಗೆ ಒಂದು ಒಪ್ಪಂದವಾಯಿತು. ರಿಪೋರ್ಟು ಬರುವತನಕ ಫೋನು ಇರಲಿ, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ನೋಡೋಣ.

ಮೇಲ್ ವಿಳಾಸ ಹುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ರೋಗಿಯ ಹೆಸರಿನಲ್ಲೇ ಇರಲಿ ಎಂದು ಹೊಂಬಾಳಮ್ಮನ ಹೆಸರಿಗೆ ಮಾಡಿದೆ. ಆಕೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

“ನನ್ ಎಸ್ರಿಗೆ ಒಂದು ಗದ್ದೆ ಮಾಡ್ಕೊಡು ಅಂದ್ರೆ ಮಾಡ್ಲಿಲ್ಲ ಈ ಮಾರಾಯ. ಈಗ ಇದ್ಮಾಡ್ಸವ್ನೆ. ಇದ್ರಾಗೆ ಏನ್ ಬೆಳೀತದೆ ಮೇಷ್ಟ್ರೆ?”

“ಕೂದಲು ಬೆಳೆಯುತ್ತಂತೆ ಹೊಂಬಾಳಮ್ಮ” ಎಂದು ನನ್ನ ಬೋಳು ತಲೆ ತೋರಿಸಿದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಎರಡು ಮೂರು ದಿನಕ್ಕೆ ಸಿಂಗಾಪುರದವರು ಆಕೆಯನ್ನೂ ಕರೆಯತೊಡಗಿದರು. ಫೋನು ‘ಟಿಣ್’ ಅಂದರೆ ಸಾಕು, ಚೌಡಯ್ಯ ಬಚ್ಚಲಿನಲ್ಲಿರಲಿ, ದನದ ಕೊಟ್ಟಿಗೆಯಲ್ಲಿರಲಿ, “ಲೇ ಹೊಂಬಾಳಿ, ನಿಂದ್ ಬಂತು ನೋಡು” ಎಂದು ಕೂಗುತ್ತಿದ್ದ. ತಾನು ಮುಟ್ಟುತ್ತಿರಲಿಲ್ಲ. ಆಕೆ ಅದನ್ನು ತಂದು ಗೋಡೆಯ ಮೇಲಿಂದ ನನಗೆ ಕೊಡುವಳು. ನಾನು ನೋಡಿ, “ಇದು ಅದಲ್ಲ” ಎನ್ನುವೆ. ಆ ಮಾತು ಕೇಳುವವರೆಗೆ ಗೋಡೆಯಾಚೆ ಸದ್ದೇ ಇರುತ್ತಿರಲಿಲ್ಲ. ಕೇಳಿದ ಮೇಲೆ ಮತ್ತೆ ಪಾತ್ರೆ ಉಜ್ಜುವ ಸದ್ದು.

ಅಷ್ಟರಲ್ಲಿ ಬೀಗರೂಟದ ದಿನ ಬಂತು. ಕೊತ್ತತ್ತಿಯವರು, ಹೊಂಬಾಳಮ್ಮನ ತವರಿನವರು, ನಮ್ಮ ಊರಿನವರು. ಮಗಳ ಬೀಗರೂಟಕ್ಕೆ ಬೇರೆಯವರ ಕೈಗೆ ಸೌಟು ಕೊಡುವ ಜಾತಿಯಲ್ಲ ಚೌಡಯ್ಯ. ಕೋಳಿ ಕೂಗುವ ಮೊದಲೇ ಹಿತ್ತಲಲ್ಲಿ ಒಲೆ ಹೂಡಿದ್ದ. ಪಂಕ್ತಿ ಕೂರುವ ಹೊತ್ತಿಗೆ ನನ್ನನ್ನು ಸನ್ನೆ ಮಾಡಿ ಕರೆದು, ಟವೆಲಿನಲ್ಲಿ ಸುತ್ತಿದ್ದ ಫೋನನ್ನು ನನ್ನ ಅಂಗಿಯ ಜೇಬಿಗೆ ತೂರಿಸಿದ.

“ಕೊನೇ ಪಂಕ್ತಿ ಏಳೋಗಂಟ ನಿಮ್ ತಾವ ಇರ್ಲಿ. ಅವ್ಳಿಗೆ ಒಂದೇ ಆಸೆ ಮೇಷ್ಟ್ರೆ, ಮಗಳ ಬೀಗರೂಟದಲ್ಲಿ ಬೀಗ್ತಿಯಾಗಿ ಎಲೆ ಮುಂದೆ ಕುಂತು ಒಟ್ಟೆ ತುಂಬ ಉಣ್ಬೇಕು ಅಂತ. ರೋಗದೋಳಾಗಿ ಅಲ್ಲ. ಇವತ್ತೊಂದಿನ ಅದು ಸುಮ್ಕಿರ್ಲಿ. ಬಂದ್ರೂ ನೀವು ನೋಡಕೂಡ್ದು.”

ನೋಡುವುದಿಲ್ಲ ಎಂದು ಮಾತು ಕೊಟ್ಟು ಎರಡನೇ ಪಂಕ್ತಿಯಲ್ಲಿ ಕುಳಿತೆ. ಎದುರು ಸಾಲಿನಲ್ಲಿ ಬೀಗಿತ್ತಿಯರ ನಡುವೆ ಹೊಂಬಾಳಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ತುರುಬಿನ ತುಂಬ ಮಲ್ಲಿಗೆ ಮುಡಿದು ಕೂತಿದ್ದಳು. ನನ್ನ ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು, ಬೋಟಿ ಬಿತ್ತು. ಬೆರಳು ಮುದ್ದೆಗೆ ಇಳಿಸಿದ್ದೆ. ಎದೆಯ ಮೇಲೆ ಫೋನು ಟಿಣ್ ಎಂದಿತು.

ಕೂದಲಿನವರೇ ಇರಬೇಕು ಎಂದುಕೊಂಡೆ. ಕೂದಲಿನವರೇ ಎಂದು ತಿಳಿದುಬಿಟ್ಟರೆ ನೆಮ್ಮದಿಯಾಗಿ ಉಣ್ಣಬಹುದು ಎಂದೂ ಅನ್ನಿಸಿತು. ಎಡಗೈಯಲ್ಲಿ ಜೇಬಿನ ಬಾಯನ್ನು ಒಂದಿಷ್ಟು ಅಗಲಿಸಿ ಇಣುಕಿದೆ. ನಾನು ಮೇಲ್ ತೆರೆಯಲಿಲ್ಲ, ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡೆ. ಆದರೆ ಆ ಹಾಳು ಫೋನು ತೆರೆಯದೆಯೇ ಎರಡು ಸಾಲನ್ನು ಮೇಲೆಯೇ ತೋರಿಸುತ್ತದೆ. ರೋಗಿಯನ್ನು ತಡಮಾಡದೆ ಕರೆತನ್ನಿ, ಜೊತೆಗೆ ಮನೆಯ ಹಿರಿಯರೊಬ್ಬರು ಇರಲಿ. ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಾಗಿ ಬರೆದಿದ್ದರು. ಆಸ್ಪತ್ರೆಯವರು ಅಷ್ಟು ಮರ್ಯಾದೆ ಕೊಟ್ಟರೆ ಅದರ ಅರ್ಥವೇನು ಎಂದು ಸಮಾಜ ಪಾಠದವನಿಗೂ ತಿಳಿಯುತ್ತದೆ.

ಬಾಡೂಟದ ಎಲೆಯಲ್ಲಿ ಮೂಳೆಯನ್ನೂ ಬಿಡದವನು ಎಂದು ಹೆಸರು ಮಾಡಿದವನು ನಾನು. ಅವತ್ತು ಮುದ್ದೆ ಮುರಿದೆ, ಅದ್ದಿದೆ, ಎಲೆಯ ಅಂಚಿಗೆ ತಂದು ಬಿಟ್ಟೆ. ಪಕ್ಕದಲ್ಲಿದ್ದ ಕೊತ್ತತ್ತಿಯ ಹಿರಿಯರೊಬ್ಬರು, “ಯಾಕ್ ಮೇಷ್ಟ್ರೆ, ಹಲ್ ನೋವಾ?” ಎಂದರು. ಹೌದೆಂದು ತಲೆಯಾಡಿಸಿ ಕೆನ್ನೆ ಹಿಡಿದುಕೊಂಡೆ. ಯಾವ ಕೆನ್ನೆ ಎಂದು ಮರೆತು ಆಮೇಲೆ ಇನ್ನೊಂದನ್ನು ಹಿಡಿದುಕೊಂಡೆ.

ಸುದ್ದಿ ಕಾಯಲು ಚೌಡಯ್ಯ ಎಂಥವನನ್ನು ಹುಡುಕಿದ್ದ ನೋಡಿ. ಹಿತ್ತಲ ಬಾಗಿಲಿನಲ್ಲಿ ನಿಂತು ಅವನು ಸಾಲುಗಳ ಮೇಲೆ ಕಣ್ಣಾಡಿಸುತ್ತಿದ್ದ. ಅಡುಗೆಯವರು ಉಣ್ಣುವವರ ಮುಖ ನೋಡುವುದಿಲ್ಲ, ಎಲೆ ನೋಡುತ್ತಾರೆ. ಅವನ ಕಣ್ಣು ನನ್ನ ಎಲೆಯ ಮೇಲೆ ಬಂದು ನಿಂತಿತು. ಮುದ್ದೆ ಮುರಿದು ಗುಡ್ಡೆ ಹಾಕಿದ್ದೆ, ಬೋಟಿ ಹಾಗೆಯೇ ಇತ್ತು. ನಾನು ತಲೆಯೆತ್ತಲಿಲ್ಲ. ಎತ್ತಿದಾಗ ಅವನು ಬಾಗಿಲಿನಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಚಾಪ್ಸಿನ ಬಕೆಟ್ ಹಿಡಿದು ಅವನೇ ಪಂಕ್ತಿಗೆ ಬಂದ. ಪಂಕ್ತಿಯಲ್ಲಿ ಚೌಡಯ್ಯ ಬಡಿಸಿದ್ದನ್ನು ಯಾರೂ ಕಂಡವರಲ್ಲ. ಅವನ ಜಾಗ ಒಲೆ. ನೇರವಾಗಿ ಹೆಂಡತಿಯ ಎಲೆಯ ಮುಂದೆ ಬಗ್ಗಿ, ಬಕೆಟಿನಲ್ಲಿ ಸೌಟು ಆಡಿಸಿ, ಹುಡುಕಿ ಹುಡುಕಿ ಮೆತ್ತಗಿನ ತುಂಡುಗಳನ್ನು ಬಡಿಸಿದ. ಹೆಂಗಸರು ನಕ್ಕರು.

“ಏನವ್ವ ಹೊಂಬಾಳಿ, ಗಂಡನ ಕೈಲಿ ಬಡಿಸ್ಕೊಂಡು ಉಣ್ತೀಯಲ್ಲೇ. ನಮ್ಗೂ ವಸಿ ಕಳ್ಸೇ.”

“ಕಣ್ಬುಡ್ಬ್ಯಾಡ್ರವ್ವ, ಜೀವ್ಮಾನದಲ್ಲಿ ಇದೇ ಮೊದ್ಲು” ಎಂದು ಹೊಂಬಾಳಮ್ಮ ನಕ್ಕಳು. ನಗುತ್ತಲೇ ಗಂಡನ ಮುಖ ನೋಡಿದಳು. ನಗು ಹಾಗೆಯೇ ಇತ್ತು, ಕೈ ಮಾತ್ರ ಒಂದು ಗಳಿಗೆ ಎಲೆಯ ಮೇಲೆ ನಿಂತಿತು. ಆಮೇಲೆ ಉಂಡಳು. ಬಡಿಸಿದ್ದನ್ನು ಪೂರ್ತಿ, ಮೂಳೆ ಚೀಪಿ, ಅನ್ನ ಕಲಸಿ, ಮಜ್ಜಿಗೆ ಕುಡಿದು, ಎಲೆ ಬರಿದಾಗುವವರೆಗೂ ಉಂಡಳು.

ಕೊನೆಯ ಪಂಕ್ತಿ ಎದ್ದು, ಬೀಗರಿಗೆ ತಾಂಬೂಲ ಕೊಟ್ಟು ಕಳಿಸಿದ ಮೇಲೆ ನಾನು ಹಿತ್ತಲಿಗೆ ಹೋದೆ. ಚೌಡಯ್ಯ ಒಲೆಗೆ ನೀರು ಚುಮುಕಿಸುತ್ತಿದ್ದ.

“ಯೋಳಿ ಮೇಷ್ಟ್ರೆ. ನಿಮ್ ಎಲೆ ಆಗ್ಲೇ ಅರ್ಧ ಯೋಳ್ಬುಡ್ತು.”

ನಾನು ಜೇಬಿಗೆ ಕೈಹಾಕುವಷ್ಟರಲ್ಲಿ ಹೊಂಬಾಳಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದಳು. ಗಂಡ, “ನೀ ಒಳೀಕ್ ನಡಿ, ಬತ್ತೀನಿ” ಎಂದ. ಆಕೆ ನಡೆಯಲಿಲ್ಲ.

“ನನ್ ಮೈಯಿನ್ ಸುದ್ದಿ ನೀವಿಬ್ರು ಗಂಡಸ್ರು ಇಟ್ಕೊಂಡು ಏನ್ಮಾಡ್ತೀರಿ? ಉಂಡಾಯ್ತು. ಇನ್ಯಾಕೆ ತಡ? ಓದಿ ಮೇಷ್ಟ್ರೆ.”

ಓದಿದೆ. ಮೊದಲು ಒಂದು ಸಲ ಓದಿ ಕೆಮ್ಮಿದೆ. ಅರ್ಥ ಹೇಳುವಾಗ ಸ್ವಲ್ಪ ತಿರುಗಿಸಿ ಮುರುಗಿಸಿ, “ಇನ್ನೊಂದು ಪರೀಕ್ಷೆ ಆಗಬೇಕಂತೆ, ಗಾಬರಿ ಏನಿಲ್ಲ” ಎಂದೆ. ಆಕೆ ನನ್ನ ಕೈಯಿಂದ ಫೋನು ಇಸಿದುಕೊಂಡು, ಕಂಡು ಕಲಿತವಳಂತೆ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿದಳು.

“ಇಲ್ಲಿ ಇಷ್ಟುದ್ದ ಬರ್ದವ್ರೆ. ನೀವು ಓದಿದ್ದು ಗೇಣುದ್ದ. ಮಿಕ್ಕಿದ್ದು?”

ಮಿಕ್ಕಿದ್ದನ್ನೂ ಓದಿದೆ. ಚೌಡಯ್ಯ ನೀರಿನ ಚೊಂಬು ಹಿಡಿದು ನಿಂತೇ ಇದ್ದ. ಒಲೆ ಆಗಲೇ ತಣ್ಣಗಾಗಿತ್ತು. ಹೊಂಬಾಳಮ್ಮ ಎಲ್ಲ ಕೇಳಿ, “ಆಯ್ತು” ಎಂದು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಡನ ಕಡೆ ತಿರುಗಿ, “ಇದನ್ನ ವಾಪಸ್ ಕೊಡಾದು ಬ್ಯಾಡ. ನಿನ್ಗಲ್ಲ, ನನ್ಗೆ ಬೇಕು” ಎಂದಳು.

ಹೀಗೆ ಆ ಫೋನು ಆ ಮನೆಯಲ್ಲಿ ಉಳಿಯಿತು.

ಅಲ್ಲಿಂದಾಚೆಗೆ ಹೊಂಬಾಳಮ್ಮನ ಓಡಾಟವೆಲ್ಲ ಅದು ಟಿಣ್ ಎಂದ ಹಾಗೆ. ಮಂಡ್ಯದಿಂದ ಮೈಸೂರಿಗೆ ಬರೆದುಕೊಟ್ಟರು. ಎಂದು ಬರಬೇಕು, ಎಂದು ರಕ್ತ ಕೊಡಬೇಕು, ಎಂದು ಔಷಧಿ ಏರಿಸುತ್ತಾರೆ, ಎಲ್ಲವೂ ಬರುತ್ತಿತ್ತು. ಗಂಡ ಕೂಗುವನು, ಆಕೆ ಗೋಡೆ ಬಳಿ ಬರುವಳು, ನಾನು ಓದುವೆನು. ನನ್ನ ಓದಿನ ಉದ್ದವನ್ನೂ ಬರಹದ ಉದ್ದವನ್ನೂ ಆಕೆ ಅಳೆದು ನೋಡುತ್ತಿದ್ದುದರಿಂದ ಸುಳ್ಳಿಗೆ ಜಾಗ ಇರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಯಾರೂ ನನ್ನನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಔಷಧಿ ಏರಿಸಿದ ಮೇಲೆ ಕೂದಲು ಹೋಯಿತು. ಒಂದು ದಿನ ಸೆರಗು ಸರಿಸಿ ನನಗೆ ತಲೆ ತೋರಿಸಿ, “ಮೇಷ್ಟ್ರೆ, ಆ ಕೂದ್ಲಿನವ್ರು ಮೊದ್ಲೇ ಕೇಳಿದ್ರಲ್ಲ, ಬೇಕಾ ಅಂತ. ನಾನೇ ಬ್ಯಾಡ ಅಂದ್ಬುಟ್ಟೆ” ಎಂದಳು. ನಾನು ನಗಬೇಕಿತ್ತು. ಆಕೆ ನಗಲಿ ಎಂದೇ ಹೇಳಿದ್ದು. ಆಗಲಿಲ್ಲ.

ಕೂದಲಿಗಿಂತ ದೊಡ್ಡದು ವಾಸನೆ. ಮಸಾಲೆಯ ಗಾಳಿ ಸುಳಿದರೆ ಆಕೆಗೆ ಕರುಳು ಕಿತ್ತು ಬರುವಂತಾಗುತ್ತಿತ್ತು. ಚೌಡಯ್ಯನ ಮೈಯೇ ಮಸಾಲೆ. ಎಷ್ಟೋ ವರ್ಷದ ಚಕ್ಕೆ ಲವಂಗ ಅವನ ಚರ್ಮದಲ್ಲಿ ಸೇರಿಕೊಂಡಿತ್ತು. ಕೆಲಸ ಮುಗಿಸಿ ಬಂದವನು ಮನೆಗೆ ಬರುವ ಮೊದಲು ಶಿಂಷಾ ಹೊಳೆಗೆ ಇಳಿದು, ಸೀಗೆಪುಡಿ ಹಾಕಿ ಉಜ್ಜಿಕೊಂಡು, ಬೇರೆ ಬಟ್ಟೆ ಉಟ್ಟು ಬರುತ್ತಿದ್ದ. ಆದರೂ ಬಾಗಿಲಿನ ಆಚೆಯೇ ನಿಂತು, “ಬರ್ಲಾ?” ಎನ್ನುತ್ತಿದ್ದ. ಕೆಲವು ದಿನ ಆಕೆ ಕೈ ಆಡಿಸಿ ಬೇಡ ಎನ್ನುವಳು. ಅವತ್ತು ಅವನು ನಮ್ಮ ಜಗಲಿಯ ಮೇಲೆ ಮಲಗುವನು. ಊರೂರಿಗೆ ಬೇಯಿಸಿ ಹಾಕಿ ತೃಪ್ತಿಪಡಿಸಿದವನು ಮನೆಯಲ್ಲಿ ರವೆ ಗಂಜಿ ಕಾಯಿಸಿ, ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಮ್ಮ ಮನೆಗೆ ತಂದು ರುಚಿ ನೋಡಿಸುತ್ತಿದ್ದ. ಚೌಡಯ್ಯನ ಅಡುಗೆಗೆ ಉಪ್ಪು ಹೇಳುವ ಯೋಗ್ಯತೆ ನನಗೆ ಬಂದ ಬಗೆ ಇದು.

ಒಪ್ಪಿಕೊಂಡ ಕೆಲಸಗಳನ್ನೆಲ್ಲ ಅವನು ಬಿಡತೊಡಗಿದ. ಮಳವಳ್ಳಿಯ ದೊಡ್ಡಸಿದ್ದಯ್ಯನ ಮನೆಯದೊಂದನ್ನು ಮಾತ್ರ ಬಿಡಲಿಲ್ಲ. ಅವರ ಮೊಮ್ಮಗನ ಮುಡಿಯ ಊಟ. ಆ ಮನೆಯ ಪ್ರತಿ ಕಾರ್ಯಕ್ಕೂ ಒಲೆ ಹಚ್ಚಿದವನು ಇವನೇ. “ಓಗ್ಬಾ. ಇಲ್ಲಿ ಕುಂತು ನನ್ ಮಖ ನೋಡಿದ್ರೆ ನಿನ್ಗೂ ಕಾಯಿಲೆ ಬತ್ತದೆ. ಮಗ್ಳವ್ಳೆ” ಎಂದು ಹೊಂಬಾಳಮ್ಮನೇ ಕಳಿಸಿದಳು.

ಅವತ್ತು ಹೊತ್ತು ಏರುವಷ್ಟರಲ್ಲಿ ಆಕೆ ಹೋಗಿಬಿಟ್ಟಳು. ದೀಪಿಕಳ ಮಡಿಲಿನಲ್ಲೇ. ನಾನು ಶಾಲೆಯಿಂದ ಓಡಿಬಂದಾಗ ಆ ಹುಡುಗಿ ಅಪ್ಪನ ಗುಂಡಿ ಸೆಟ್ಟಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. ಅದು ಮಳವಳ್ಳಿಯಲ್ಲಿ ಅಂಗಿಯ ಜೊತೆ ಗೂಟಕ್ಕೆ ನೇತಾಡುತ್ತಿತ್ತು. ಕೊನೆಗೆ ನಾನೇ ದೊಡ್ಡಸಿದ್ದಯ್ಯನಿಗೆ ಮಾಡಿ ಹೇಳಿದೆ. ಅವರು, “ನಾನ್ ನೋಡ್ಕತೀನಿ ಮೇಷ್ಟ್ರೆ, ಕಾರಲ್ಲಿ ಕಳುಸ್ತೀನಿ” ಎಂದರು.

ಅಲ್ಲಿ ನಡೆದದ್ದನ್ನು ಚೌಡಯ್ಯ ತಿಥಿಯೆಲ್ಲ ಮುಗಿದ ಮೇಲೆ ಒಂದು ದಿನ ಹೇಳಿದ. ಆಗ ಮೊದಲ ಪಂಕ್ತಿ ಕೂತಿತ್ತಂತೆ. ದೊಡ್ಡಸಿದ್ದಯ್ಯ ಹಿತ್ತಲಿಗೆ ಬಂದು, ಒಲೆಯ ಬಳಿ ಒಂದು ಎಲೆ ಹಾಸಿ, ತಾವೇ ಮುದ್ದೆ ಇಟ್ಟು, “ಬಾ ಚೌಡಯ್ಯ, ನೀನು ಮೊದ್ಲು ಉಣ್ಣಪ್ಪ” ಎಂದರಂತೆ.

“ಅಡಿಗೆಯೋನ್ಗೆ ಮೊದ್ಲು ಉಣ್ಣು ಅಂತ ಯಾರೂ ಅನ್ನಲ್ಲ ಮೇಷ್ಟ್ರೆ. ಅಂದೇಟ್ಗೆ ತಿಳೀತು.”

“ಆಮೇಲೆ?”

“ಕುಂತೆ. ಅವ್ರು ಎದ್ರಿಗೆ ಕುಂತು ಸಾರು ಬುಟ್ರು. ಕೇಳಿದ್ರೆ ಯೋಳ್ಬುಡೋರು, ಕೇಳ್ಲಿಲ್ಲ. ಕೇಳೋಗಂಟ ಇರ್ತಾಳೆ ಅಂತ ನಿಧಾನ್ಕೆ ಉಂಡೆ. ಮುದ್ದೆ ಎಷ್ಟೊತ್ತು ಉಣ್ಬೌದು ಮೇಷ್ಟ್ರೆ? ಮುಗ್ದೋಯ್ತು.”

ಹೊಂಬಾಳಮ್ಮ ಹೋಗಿ ತಿಂಗಳುಗಳಾದರೂ ಫೋನು ಆ ಮನೆಯ ಗೂಡಿನಲ್ಲೇ ಇತ್ತು. ಚೌಡಯ್ಯ ಅದಕ್ಕೆ ದಿನಾ ಕರೆಂಟು ಕುಡಿಸಿ ಇಟ್ಟಿದ್ದ. ದೀಪಿಕ ಒಂದು ಭಾನುವಾರ ಬಂದವಳು ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿ ಹೇಳಿದಳು.

“ಮೇಷ್ಟ್ರೆ, ಆಸ್ಪತ್ರೆಯವ್ರು ಇನ್ನೂ ಕಳಿಸ್ತಾನೇ ಅವ್ರೆ. ಅವ್ವ ತಪಾಸಣೆಗೆ ಬರ್ಬೇಕಂತೆ. ಅದು ಟಿಣ್ ಅಂದ್ರೆ ಅಪ್ಪ ಕೂಗ್ತಾನೆ, ಅವ್ವನ್ನ. ನಂಗೆ ಎದೆ ಒಡ್ದೋಯ್ತದೆ. ನಿಲ್ಸಿ ಅಂತ ಅವ್ರಿಗೆ ನೀವೇ ಬರ್ದ್ಬುಡಿ. ಆ ಫೋನ್ ನಾ ತಕ್ಕೊಂಡೋಯ್ತೀನಿ.”

ಒಳಗೆ ಹೋದೆ. ಚೌಡಯ್ಯ ಚಾಪೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ವಿಷಯ ಹೇಳಿದೆ. ಅವನು ಬೇಡ ಎನ್ನಲಿಲ್ಲ. ನಾನು ಫೋನು ತೆಗೆದುಕೊಂಡು ಆಸ್ಪತ್ರೆಯವರಿಗೆ ಇಂಗ್ಲಿಷಿನಲ್ಲಿ ಬರೆದೆ. ತಾವು ಕರೆಯುತ್ತಿರುವ ಹೊಂಬಾಳಮ್ಮನವರು ತೀರಿಕೊಂಡಿದ್ದಾರೆ, ದಯವಿಟ್ಟು ಅವರ ಹೆಸರನ್ನು ತೆಗೆದುಹಾಕಿ. ಕನ್ನಡದಲ್ಲಿ ಓದಿ ಹೇಳಿದೆ.

“ಈಗ್ಲೇ ಕಳ್ಸೋದಾ?” ಎಂದ.

“ಹೂಂ.”

“ಊಟದೊತ್ತು. ಆ ಆಸ್ಪತ್ರೆ ಹುಡ್ಗೀರು ಡಬ್ಬಿ ಬಿಚ್ಕೊಂಡು ಕುಂತಿರ್ತಾರೆ. ವಸಿ ತಡೀರಿ.”

ಭಾನುವಾರ ಅಲ್ಲಿ ಯಾವ ಹುಡುಗಿಯೂ ಇರುವುದಿಲ್ಲ, ಇದನ್ನೆಲ್ಲ ಕಳಿಸುವುದು ಮನುಷ್ಯರೂ ಅಲ್ಲ, ಮಿಷನ್ನು ಎಂದು ಹೇಳಲು ಬಾಯಿ ತೆರೆದೆ. ಬಿಟ್ಟೆ. ಅವನ ಪಕ್ಕ ಕೂತು ನಾನೂ ಹುಣಸೆ ಬೀಜ ಬಿಡಿಸಿದೆ. ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಮತ್ತೆ ಫೋನು ಕೈಗೆತ್ತಿಕೊಂಡು, “ಈಗ ಕಳಿಸಲಾ?” ಎಂದೆ.

ಚೌಡಯ್ಯ ಕೈಯ ಜಿಗುಟನ್ನು ಬಟ್ಟೆಗೆ ಒರೆಸಿಕೊಂಡ.

“ಮೇಷ್ಟ್ರೆ, ಮಗಳು ಯೋಳಿದ್ದು ದಿಟ. ಅದು ಸದ್ ಮಾಡಿದ್ರೆ ಬಾಯಿಗೆ ಬಂದ್ಬುಡ್ತದೆ, ಲೇ ನಿಂದ್ ಬಂತು ನೋಡು ಅಂತ. ಕೂಗಾದ್ಮೇಲೆ ನೆಪ್ಪಾಯ್ತದೆ.”

“ಅದಕ್ಕೇ ಹೇಳ್ತಿರೋದು ಚೌಡಯ್ಯ. ನಿಲ್ಲಿಸಿಬಿಟ್ರೆ ನಿನಗೂ ನೆಮ್ಮದಿ. ಬೇಡ ಅಂದ್ರೆ ಬರಲಿ, ಸದ್ದು ಮಾತ್ರ ತೆಗೀತೀನಿ.”

“ಸದ್ ತೆಗ್ದ್ರೆ ನಾ ಎಂಗ್ ಕೂಗ್ಲಿ?” ಎಂದ. “ಮನೇಲಿ ಒಬ್ಬೊಬ್ಬನೇ ಕುಂತು ಎಂಡ್ರ ಎಸ್ರು ಕೂಗಿದ್ರೆ ತಲೆ ಕೆಟ್ಟದೆ ಅಂತಾರೆ. ಇದು ಸದ್ ಮಾಡಿದ್ರೆ ಒಂದು ನೆವ. ಕೂಗ್ದಾಗ ಒಂದ್ಗಳಿಗೆ, ಬಚ್ಲಲ್ಲವ್ಳೆ, ಕೈ ಒರುಸ್ಕೊಂಡು ಬತ್ತಾಳೆ ಅನ್ನುಸ್ತದೆ. ಅಷ್ಟೇಯ. ಇರ್ಲಿ ಬುಡಿ.”

ದೀಪಿಕ ಬಾಗಿಲಿನಲ್ಲಿ ನಿಂತಿದ್ದಳು. ಅವಳೂ ಬಂದು ಚಾಪೆಯ ಮೇಲೆ ಕೂತು ಹುಣಸೆಹಣ್ಣು ಕೈಗೆತ್ತಿಕೊಂಡಳು. ನಾನು ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ. ಒಮ್ಮೆಗೇ ಅಳಿಸುವ ಉಪಾಯ ಏನೋ ಇದೆಯಂತೆ, ಫೋನಿನ ಪಂಡಿತನಿಗೆ ಅದು ಗೊತ್ತಿರಲಿಲ್ಲ. ಅಳಿಸಿ ಮುಗಿಸಿ ಫೋನನ್ನು ಚೌಡಯ್ಯನ ಕೈಗೆ ಕೊಟ್ಟೆ. ಅವನು ಎದ್ದು ಅದನ್ನು ಗೂಡಿನಲ್ಲಿಟ್ಟು, ತಂತಿ ಸಿಕ್ಕಿಸಿ, ದೀಪ ಹತ್ತಿತೇ ಎಂದು ಬಗ್ಗಿ ನೋಡಿದ.